ವೀಳ್ಯದ ಜೊತೆ ಕೊಟ್ಟ ಕೋವಿ

ಬಸವಲಿಂಗಯ್ಯ ಹುಟ್ಟಿದಾಗಿನಿಂದ ಬಾವಿಯಿಂದ ಒಂದು ಚೊಂಬು ನೀರು ಸೇದಿಕೊಂಡು ಬಂದವನಲ್ಲ. ಅಂಥವನು ನಾಲ್ಕು ದಿನದಲ್ಲಿ ಮೂರನೇ ಸಲ ಅತ್ತಿಗೆಯ ಪಡಸಾಲೆಗೆ ಬಂದು, "ಕೋವೀನ ನಾನೇ ಮಧುಗಿರಿಗೆ ತಗೊಂಡೋಗಿ ಒಪ್ಪಿಸ್ಬುಟ್ಟು ಬತ್ತೀನಿ ಅತ್ಗೆಮ್ಮ, ಹೆಂಗಸ್ರು ನಿಮಗ್ಯಾಕೆ ತೊಂದ್ರೆ" ಅಂದಾಗ ಕರಿಬಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿನ್ನ ಸೊಂಟನೋವು ವಾಸಿ ಆಯ್ತೇನಪ್ಪ?" ಅಂದಳು.

"ಸೊಂಟ ಇದ್ದಂಗೇ ಐತೆ. ಅಣ್ಣನ ವಸ್ತು ಅಲ್ವಾ, ಹೊರ್ದೇ ಇರಾಕಾಯ್ತದಾ?"

ಅಣ್ಣನನ್ನು ಹೊರಬೇಕಾಗಿದ್ದ ಎಂಟು ತಿಂಗಳು ನೀನು ಎಲ್ಲಿದ್ದೆ ಅಂತ ಕೇಳಬೇಕೆನ್ನಿಸಿತು. ಗಂಡ ಪಟೇಲ್ ನಾಗಲಿಂಗಯ್ಯನವರಿಗೆ ಮಹಾಲಯದ ಹೊತ್ತಿಗೆ ಲಕ್ವ ಹೊಡೆದು, ಜ್ಯೇಷ್ಠದವರೆಗೂ ಹಾಸಿಗೆ ಬಿಟ್ಟೇಳದೆ, ಕೊನೆಗೆ ಒಂದು ಸೋಮವಾರ ಶಿವನ ಪಾದ ಸೇರಿಕೊಂಡಿದ್ದರು. ಆ ಎಂಟು ತಿಂಗಳಲ್ಲಿ ಮೈದುನ ಬಂದದ್ದು ನಾಲ್ಕು ಸಲ. ನಾಲ್ಕು ಸಲವೂ ಕಣ್ಣು ಅಣ್ಣನ ಮುಖದ ಮೇಲೆ ನಿಂತದ್ದಕ್ಕಿಂತ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಕೋವಿಯ ಮೇಲೆ ನಿಂತದ್ದೇ ಹೆಚ್ಚು. ಅವರು ಹೋದ ಮೇಲಿನ ಶಿವಗಣಾರಾಧನೆಯ ದಿನವಂತೂ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಕೋವಿಯನ್ನು ಗೂಟದಿಂದ ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ್ದನ್ನು ಅವಳು ಕೋಣೆಯ ಬಾಗಿಲ ಸಂದಿಯಿಂದ ಕಂಡಿದ್ದಳು. ಆಮೇಲೆ ಜೇಬಿನಿಂದ ಚೀಟಿ ತೆಗೆದು ಏನೋ ಗೀಚಿಕೊಂಡಿದ್ದ. ಏನು ಗೀಚಿಕೊಂಡ? ಅವತ್ತಿನಿಂದ ಇವತ್ತಿನವರೆಗೂ ಅದೊಂದು ಮುಳ್ಳು ಅವಳ ಅಂಗಾಲಲ್ಲಿ ಮುರಿದುಕೊಂಡು ಕೂತಿತ್ತು.

ನಿಡುಗಲ್ ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಪಟೇಲಗಿರಿ ಅನ್ನುವುದು ನಾಗಲಿಂಗಯ್ಯನವರ ಮನೆತನದ್ದು. ಮಗ ಚನ್ನಮಲ್ಲಯ್ಯ ತುಮಕೂರಿನಲ್ಲಿ ಓದುತ್ತಿದ್ದ. ಬರುವ ಯುಗಾದಿಗೆ ಇಪ್ಪತ್ತೊಂದು ತುಂಬುತ್ತಿತ್ತು. ಅಲ್ಲಿಯವರೆಗೆ ಜಾಗ ಕಾದಿಡುತ್ತೇವೆ, ಆದರೆ ಮನೆಯ ಮೇಲೆ ಯಾವ ಮೊಕದ್ದಮೆಯೂ ಇರಕೂಡದು ಅಂತ ಅಮಲ್ದಾರರು ಖಡಾಖಂಡಿತ ಹೇಳಿ ಕಳಿಸಿದ್ದರು. ಇದ್ದರೆ ಜಾಗ ಯಾರಿಗೆ ಹೋಗುತ್ತದೆ ಅಂತ ಕೇಳುವ ಅಗತ್ಯ ಇರಲಿಲ್ಲ. ಆ ಮನುಷ್ಯ ಪಡಸಾಲೆಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದ.

ಅಷ್ಟರಲ್ಲೇ ಒಂದು ನೋಟೀಸು ಬಂದಿತ್ತು. ಮೃತ ಪಟೇಲರ ಹೆಸರಿನ ಕೋವಿಯನ್ನೂ ಲೈಸೆನ್ಸನ್ನೂ ಹದಿನೈದು ದಿನದೊಳಗೆ ಮಧುಗಿರಿಯ ಸಬ್ ಡಿವಿಜನ್ ಕಚೇರಿಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಕ್ರಮ.

"ನೋಡಾನ ಬಸವಲಿಂಗಪ್ಪ. ಪಾವಗಡದಲ್ಲಿ ಒಂದು ಮಾತು ಕೇಳ್ಕೊಂಡು ಬತ್ತೀನಿ."

"ಕೇಳಾದೇನೈತೆ? ಪಾವಗಡದ ಮೇಲೆ ನೆಟ್ಟಗೆ ಹೊಡದ್ರೆ ಎರಡು ದಿನಕ್ಕೆ ಮಧುಗಿರಿ. ನಾನು ಬ್ಯಾಡ ಅಂದ್ರೆ ನೀವೇ ಹೋಗಿ. ಆದ್ರೆ ನೆಟ್ಟಗಿನ ದಾರೀಲೇ ಹೋಗಿ ಮತ್ತೆ" ಅಂದು ಎದ್ದು ಹೋದ.

ನೆಟ್ಟಗಿನ ದಾರಿ ಅಂತ ಎರಡು ಸಲ ಯಾಕೆ ಹೇಳಿದ?

*

ಪಾವಗಡದ ಕಚೇರಿಯ ಮುಂದಿನ ಬೇವಿನ ಮರದಡಿ ಅರ್ಜಿ ಬರೆಯುವ ಸಂಜೀವಯ್ಯನ ಕನ್ನಡಕಕ್ಕೆ ಒಂದು ಕಡ್ಡಿ ಇರಲಿಲ್ಲ, ಅಲ್ಲಿ ದಾರ ಕಟ್ಟಿದ್ದ. ನೋಟೀಸನ್ನು ಮೂಗಿನ ಹತ್ತಿರ ಹಿಡಿದು ಓದಿ, "ಕೂತ್ಕೋಮ್ಮ, ಕೂತ್ಕೋ. ಕೋವಿ ತಂದಿದ್ದೀಯಾ?" ಅಂದ.

"ಇಲ್ಲಪ್ಪ, ಮನೇಲೈತೆ."

"ಬದುಕಿದೆ ತಾಯಿ. ತಂದಿದ್ರೆ ನಿನ್ನ ಇಲ್ಲಿಂದ ನೇರ ಠಾಣೆಗೆ ಕರ್ಕೊಂಡು ಹೋಗ್ತಿದ್ರು."

"ಅಯ್ಯೋ, ನನ್ನ ಗಂಡನ ಕೋವಿ ಕಣಯ್ಯ!"

"ಇತ್ತು. ಈಗ ಅಲ್ಲ. ಲೈಸೆನ್ಸು ಅನ್ನೋದು ಮನುಷ್ಯನಿಗೆ ಕೊಟ್ಟದ್ದಮ್ಮ, ಕೋವಿಗಲ್ಲ. ಮನುಷ್ಯ ಹೋದ, ಲೈಸೆನ್ಸೂ ಹೋಯ್ತು. ಹೊಲ ಮನೆ ಹಂಗೆ ಅದು ಹೆಂಡ್ತಿಗೋ ಮಗನಿಗೋ ತಾನಾಗಿ ಇಳಿಯೋದಲ್ಲ. ಈಗ ನಿಮ್ಮನೆ ಗೂಟಕ್ಕೆ ನೇತಾಡ್ತಿರೋದು ಯಾರಿಗೂ ಸೇರದ ಕೋವಿ."

"ಮನೇಲಿಟ್ಕೊಂಡ್ರೂ ತಪ್ಪು, ತಗೊಂಡು ಬಂದ್ರೂ ತಪ್ಪು. ಆಕಾಶಕ್ಕೆ ಹಾರಿಸ್ಬುಡ್ಲಾ?"

"ಹಾರಿಸಿದ್ರೆ ಇನ್ನೂ ದೊಡ್ಡ ತಪ್ಪು" ಅಂತ ಸಂಜೀವಯ್ಯ ನಗದೆ ಹೇಳಿ, ಒಳಗೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಮಧ್ಯಾಹ್ನ ತಿರುಗುವ ಹೊತ್ತಿಗೆ ಗಂಡಭೇರುಂಡದ ಮೊಹರು ಬಿದ್ದ, ಕೋವಿ ಸಾಗಿಸಲು ಅಪ್ಪಣೆ ಕೊಡುವ ಒಂದು ರಹದಾರಿ ಮಾಡಿಸಿಕೊಟ್ಟ. ಗಂಡನ ಲೈಸೆನ್ಸು ನೋಡಿ ಅದರಲ್ಲಿದ್ದ ಕೋವಿಯ ನಂಬರು ಮುನ್ನೂರ ಹದಿನೆಂಟನ್ನು ರಹದಾರಿಯಲ್ಲಿ ಬರೆಸಿದ್ದ.

"ಕೇಳಿಸ್ಕೋ. ಇದು ನಿನ್ನ ಹೆಸರಲ್ಲಿದೆ. ಕೋವಿ ನಿನ್ನ ಕೈಯಲ್ಲೇ ಇರಬೇಕು. ಗಾಡಿ ಹೊಡೆಯೋನು ಇಳಿಸಿಕೊಟ್ಟ, ದಾರೀಲಿ ಯಾರೋ ಪಾಪ ಅಂತ ಹಿಡ್ಕೊಂಡ್ರು ಅನ್ನಬಾರದು. ಮದ್ದು ಗುಂಡು ಒಂದು ಚಿಟಿಕೆಯೂ ಬೇಡ. ಬಟ್ಟೆ ಸುತ್ತಿರಬೇಕು. ಕಾಗದ ನಿನ್ನ ಮೈಮೇಲಿರಬೇಕು. ಇನ್ನು ದಾರಿ. ಯಾವ ದಾರಿ ಹಿಡೀತೀಯ?"

"ಇಲ್ಲಿಂದ ನೆಟ್ಟಗೆ ಮಧುಗಿರಿಗೆ."

ಸಂಜೀವಯ್ಯ ಲೇಖಣಿಯ ಮುಳ್ಳನ್ನು ತಲೆಗೂದಲಿಗೆ ಒರೆಸಿಕೊಂಡ. "ಯಾರು ಹೇಳಿದ್ರು?"

"ಯಾಕೆ?"

"ನಡುವೆ ಮಡಕಶಿರಾ ಸೀಮೆ ಬರುತ್ತಲ್ಲಮ್ಮ. ನಾಲ್ಕೈದು ಮೈಲಿ ಮದರಾಸು ಸರ್ಕಾರದ ನೆಲ. ಉಪ್ಪು ಹುಣಿಸೆಹಣ್ಣು ಹೇರ್ಕೊಂಡು ಹೋದ್ರೆ ಯಾರೂ ಕೇಳಲ್ಲ. ಕೋವಿ ಆದ್ರೆ ಈ ಕಾಗದ ಅಲ್ಲಿ ಬರೀ ಕಾಗದ. ಮಹಾರಾಜರ ಮೊಹರು ಅಲ್ಲಿ ನಡೆಯಲ್ಲ. ಹಿಡಿದ್ರೆ ಪೆನುಕೊಂಡಕ್ಕೋ ಅನಂತಪುರಕ್ಕೋ ಅಲೀಬೇಕು. ನಾನು ಬರೆದ ಯಾವ ಅರ್ಜಿಯೂ ನಿನ್ನ ಬಿಡಿಸಲ್ಲ."

ಕರಿಬಸಮ್ಮ ಸೆರಗು ಬಿಗಿ ಮಾಡಿಕೊಂಡಳು. ನೆಟ್ಟಗಿನ ದಾರಿ ಅಂತ ಎರಡು ಸಲ ಹೇಳಿದ್ದು ಇದಕ್ಕಾ?

"ಬೇರೆ ದಾರಿ?"

"ಮೈಸೂರು ನೆಲ ಬಿಡದಂಗೆ ಹೋಗಬೇಕು ಅಂದ್ರೆ ನಿಮ್ಮೂರಿಂದ ಹಿಂದಕ್ಕೇ ಹೋಗು. ಧರ್ಮಪುರ, ಹಿರಿಯೂರು ಸೀಮೆ, ಅಲ್ಲಿಂದ ಶಿರಾ, ಶಿರಾದಿಂದ ಮಧುಗಿರಿ. ಐದು ದಿನ. ಎತ್ತು ಗಟ್ಟಿ ಇವೆಯಾ?"

"ಎತ್ತು ಗಟ್ಟಿ ಅವೆ. ಮನುಷ್ಯರದ್ದೇ ಗೊತ್ತಿಲ್ಲ."

*

ಗಾಡಿ ಹೊಡೆಯಲು ಅವಳಿಗಿದ್ದವನು ಒಬ್ಬನೇ, ಹುಚ್ಚಣ್ಣ. ಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸಿಕೊಂಡಿದ್ದ ಮನುಷ್ಯ. ವಯಸ್ಸಲ್ಲಿ ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವನು. ಹಿಂದೊಮ್ಮೆ ಚಿರತೆ ಒಂದೇ ವಾರದಲ್ಲಿ ಹನ್ನೊಂದು ಕುರಿ ಎತ್ತಿದಾಗ ಪಟೇಲರೇ ಮುಂದೆ ನಿಂತು ಅವನಿಗೂ ಒಂದು ಲೈಸೆನ್ಸು ಮಾಡಿಸಿಕೊಟ್ಟಿದ್ದರು. ಒಂದೇ ದಿನ ಒಂದೇ ಅಂಗಡಿಯಲ್ಲಿ ಎರಡು ಕೋವಿ ತಂದಿದ್ದರು, ಅವರಿಗೊಂದು, ಇವನಿಗೊಂದು. ಎರಡೂ ಒಂಟಿ ನಳಿಗೆಯವು, ಎರಡೂ ಒಂದೇ ಉದ್ದ. ಊರಿಗೆಲ್ಲ ಇದ್ದದ್ದು ಆ ಎರಡೇ ಕೋವಿ.

ಐದು ದಿನದ ದಾರಿ ಅಂದಾಗ ಹುಚ್ಚಣ್ಣ ತಲೆ ಕೆರೆದುಕೊಳ್ಳಲಿಲ್ಲ, ಕುರಿ ಯಾರು ನೋಡ್ಕೋತಾರೆ ಅನ್ನಲಿಲ್ಲ. "ಆಗ್ಲಿ ಬುಡವ್ವ, ನಾನಿಲ್ವಾ" ಅಂದುಬಿಟ್ಟ. ಒಂದು ಮರಿ ಮಾರಲು ಸಂತೆಗೆ ಹೋಗು ಅಂದರೆ ನಾಲ್ಕು ದಿನ ಯೋಚನೆ ಮಾಡುವ ಹುಚ್ಚಣ್ಣ! ಇಷ್ಟು ಬೇಗ ಒಪ್ಪಿದ್ದು ಯಾಕೆ ಅಂತ ಕರಿಬಸಮ್ಮನಿಗೆ ಒಂದು ಅನುಮಾನ ತಲೆಹಾಕಿತು.

ಹೊರಡುವ ಹಿಂದಿನ ಸಂಜೆ ಅವಳು ದನದ ಕೊಟ್ಟಿಗೆಗೆ ಹೋದಾಗ ಗೊಂತಿನ ಹಿಂದೆ ಎರಡು ದನಿ ಕೇಳಿತು. ಒಂದು ಹುಚ್ಚಣ್ಣನದು, ಇನ್ನೊಂದು ಮೈದುನನದು. ಅವಳ ಕಾಲುಂಗುರದ ಸದ್ದಿಲ್ಲದ ಹೆಜ್ಜೆ ಅವರಿಗೆ ಮೊದಲು ಕೇಳಿಸಲಿಲ್ಲ.

"...ಅದೇ ದಾರಿ ತಾನೇ?" ಮೈದುನ.

"ಅದೇ ಕಣ್ ಬುದ್ಧಿ. ಬೇರೆ ಯಾವ್ದೈತೆ?" ಹುಚ್ಚಣ್ಣ.

ಅವಳನ್ನು ಕಂಡ ತಕ್ಷಣ ಇಬ್ಬರೂ ಎತ್ತಿನ ಬಾಯಿಹುಣ್ಣಿನ ವಿಷಯ ಮಾತಾಡತೊಡಗಿದರು. ಎತ್ತಿಗೆ ಬಾಯಿಹುಣ್ಣೇ ಇರಲಿಲ್ಲ. ರಾತ್ರಿ ಕರಿಬಸಮ್ಮ ಕೋವಿಯನ್ನು ಹಳೇ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ಪಕ್ಕದಲ್ಲೇ ಹಾಕಿಕೊಂಡು ಮಲಗಿದಳು.

*

ಬೆಳಗ್ಗೆ ಗಾಡಿ ಹತ್ತಿದರೆ ಹುಲ್ಲು ವಿಪರೀತ. ಎರಡು ಎತ್ತಿಗೆ ಐದು ದಿನಕ್ಕಲ್ಲ, ಹದಿನೈದು ದಿನಕ್ಕಾಗುವಷ್ಟು.

"ಇಷ್ಟ್ಯಾಕೆ ತುಂಬಿದ್ದೀಯ ಹುಚ್ಚಣ್ಣ? ದಾರೀಲಿ ಹುಲ್ಲು ಸಿಗಲ್ವಾ?"

"ಪರಸ್ಥಳದ ಹುಲ್ಲು ಎತ್ತಿಗೆ ಒಗ್ಗಾದಿಲ್ಲ ಕಣವ್ವ."

ಅವಳು ಮುಂದೆ ಕೂರಲು ಹೋದರೆ, ಅಲ್ಲಿ ಬ್ಯಾಡ, ಕುಲುಕ್ತದೆ ಅಂದ. ಹಿಂದೆ ಹುಲ್ಲಿನ ಮೇಲೆ ಕೂರಲು ಹೋದರೆ, ಅಲ್ಲೂ ಬ್ಯಾಡ, ಜಾರ್ತದೆ ಅಂದ. "ಹಂಗಾದ್ರೆ ನಾನು ಚಕ್ರದ ಮೇಲೆ ಕೂರ್ಲಾ?" ಅಂತ ಅವಳು ನಡುವೆ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಊರು ಬಿಟ್ಟು ಮೂರು ಮೈಲಿಗೆ ಒಂದು ಹಳ್ಳ. ಪಾವಗಡ ತಾಲ್ಲೂಕು ಮುಗಿಯುವುದು ಅಲ್ಲಿ. ಆಚೆ ದಡದಲ್ಲಿ ಸುಣ್ಣ ಬಳಿದ ಗಡಿಕಲ್ಲು. ಹುಚ್ಚಣ್ಣ ಹಳ್ಳದ ಈಚೆ ದಡದಲ್ಲೇ ಹೊಂಗೆ ಮರದ ಕೆಳಗೆ ನೊಗ ಇಳಿಸಿಬಿಟ್ಟ.

"ಯಾಕೋ?"

"ಎತ್ತು ನೀರು ಕುಡೀಲಿ."

"ಈಗ ತಾನೇ ಊರ ಕೆರೇಲಿ ಕುಡುದ್ವಲ್ಲ!"

"ಇನ್ನೊಂದ್ಕಿತ ಕುಡೀಲಿ ಬುಡವ್ವ. ನೀವೂ ಮಕ ತೊಳ್ಕಬನ್ನಿ. ಕೋವಿ ಇಲ್ಲೇ ಇರ್ಲಿ, ನಾನು ನೋಡ್ಕತೀನಿ."

"ಕೋವಿ ನನ್ನ ಕೈ ಬಿಡಂಗಿಲ್ಲ" ಅಂದು ಅವಳು ಸೀರೆ ಸುತ್ತಿದ ಕೋವಿಯನ್ನು ಕಂಕುಳಲ್ಲಿಟ್ಟುಕೊಂಡೇ ಹಳ್ಳಕ್ಕೆ ಇಳಿದಳು. ಇಳಿದವಳು ಮುಖ ತೊಳೆಯಲಿಲ್ಲ. ಲಕ್ಕಿ ಗಿಡದ ಮರೆಯಿಂದ ತಿರುಗಿ ನೋಡಿದಳು.

ಹುಚ್ಚಣ್ಣ ಆ ಕಡೆ ಈ ಕಡೆ ನೋಡಿ, ಗಾಡಿಯ ಹಿಂಭಾಗಕ್ಕೆ ಹೋಗಿ, ಮೊಣಕೈವರೆಗೆ ಹುಲ್ಲಿಗೆ ಕೈ ಹಾಕಿದ. ಕಂಬಳಿ ಸುತ್ತಿದ ಉದ್ದನೆಯದೊಂದು ಹೊರಗೆ ಬಂತು. ಕಂಬಳಿಯ ತುದಿಯಲ್ಲಿ ಕಬ್ಬಿಣದ ಬಾಯಿ ಬಿಸಿಲಿಗೆ ಹೊಳೆಯಿತು.

ಎರಡನೇ ಕೋವಿ.

ಒಂದು ಕೋವಿಗೆ ರಹದಾರಿ, ಗಾಡಿಯಲ್ಲಿ ಎರಡು ಕೋವಿ. ಎಲ್ಲಾದರೂ ಒಂದು ಕಡೆ ಹುಲ್ಲು ಕೆದಕಿದರೆ ಸಾಕು, ಪಟೇಲರ ಹೆಂಡತಿ ಕಳ್ಳಕೋವಿ ಸಾಗಿಸ್ತಿದ್ದಳು ಅಂತ ಮೊಕದ್ದಮೆ. ಮಗನ ಪಟೇಲಗಿರಿ ಅಲ್ಲಿಗೆ ಮಣ್ಣು. ಕೊಟ್ಟಿಗೆಯಲ್ಲಿ ಮಾತಾಡಿಕೊಂಡದ್ದು ಇದನ್ನೇ! ಅವಳು ದಡ ಹತ್ತಿ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

"ಲೇ ಹುಚ್ಚಣ್ಣ! ಎಷ್ಟು ಕೊಡ್ತೀನಿ ಅಂದವ್ನೆ ನನ್ನ ಮೈದುನ?"

ಹುಚ್ಚಣ್ಣನ ಕೈಯಿಂದ ಕಂಬಳಿ ಜಾರಿತು. "ಅವ್ವಾ..."

"ನಿನ್ನ ಮಗಳ ಬಾಣಂತನ ಮಾಡಿದ ಕೈ ಕಣೋ ಇದು. ನಿನ್ನ ಹೆಂಡ್ತಿ ಜುಂಜಮ್ಮನ್ನ ಕೇಳು, ನಮ್ಮನೆ ಅನ್ನ ಎಷ್ಟು ತಿಂದಿದ್ದೀರ ಅಂತ. ಹುಲ್ಲೊಳಗೆ ಕೋವಿ ಇಟ್ಟು ನನ್ನ ಜೈಲಿಗೆ ಕಳಿಸ್ತೀಯೇನೋ?"

"ಅಯ್ಯೋ ಶಿವನೇ! ಇದು ನಿಮ್ದು ಕಣವ್ವ!"

"ನಂದು ನನ್ನ ಕಂಕುಳಲ್ಲೈತೆ!"

"ಅದು ನಂದು" ಅಂದ ಹುಚ್ಚಣ್ಣ. ಅಂದವನೇ ಹೊಂಗೆಮರದ ಬೇರಿನ ಮೇಲೆ ಕುಸಿದು ಕೂತುಬಿಟ್ಟ.

ಪಕ್ಕದಲ್ಲಿ ಎತ್ತುಗಳು ಬೇಡವಾದ ನೀರನ್ನು ಮೂಸುತ್ತಿದ್ದವು.

"ಸೀರೆ ಬಿಚ್ಚಿ ನೋಡವ್ವ. ಮರದ ಹಿಡಿ ಮ್ಯಾಲೆ, ಒಳಗಡೀಕೆ, ಕೆಂಡ ಬಿದ್ದು ಸುಟ್ಟಿರೋ ಕಲೆ ಐತೆ. ಹಟ್ಟೀಲಿ ಒಲೆ ಪಕ್ಕ ಇಟ್ಟು ನಾನೇ ಸುಟ್ಟಿದ್ದು. ಜುಂಜಿ ಬಾಯಿಗೆ ಬಂದಂಗೆ ಬೈದಿದ್ಲು."

ಕರಿಬಸಮ್ಮ ಬಿಚ್ಚಿ ನೋಡಿದಳು. ವಿಭೂತಿ, ಎಣ್ಣೆ, ಅರಿಶಿನ ಮೆತ್ತಿ ಮೆತ್ತಿ ಕಪ್ಪಾಗಿದ್ದ ಹಿಡಿಯನ್ನು ಸೆರಗಿನಿಂದ ತಿಕ್ಕಿದಳು. ರಾಗಿ ಕಾಳಿನಗಲದ ನಾಲ್ಕು ಸುಟ್ಟ ಗುಳಿಗಳು ಒಂದರ ಪಕ್ಕ ಒಂದು ಕಂಡವು.

"ಹೆಂಗೆ..." ಅಂದಳು. ಅನ್ನುವಷ್ಟರಲ್ಲಿ ಹೆಂಗೆ ಅನ್ನುವುದು ಅವಳಿಗೆ ಆಗಲೇ ಹೊಳೆದಿತ್ತು.

ಆಯುಧಪೂಜೆಯ ದಿನ ಊರಿನ ಎರಡು ಕೋವಿಯೂ ಪಟೇಲರ ದೇವರ ಮನೆ ಮುಂದೆ ಜೋಡಿಯಾಗಿ ಮಲಗುವುದು ವಾಡಿಕೆ. ಮನೆಯ ಹೆಂಗಸು ಎರಡಕ್ಕೂ ಎಣ್ಣೆ ಸವರಿ, ವಿಭೂತಿ ಎಳೆದು, ಚೆಂಡುಹೂ ಏರಿಸಿ, ಪೂಜೆ ಆದ ಮೇಲೆ ಅವಳೇ ಎತ್ತಿ ವೀಳ್ಯದ ಸಮೇತ ಒಬ್ಬೊಬ್ಬರ ಕೈಗೆ ಕೊಡಬೇಕು. ಹೋದ ವರ್ಷ ಗಂಡನಿಗೆ ಲಕ್ವ ಹೊಡೆದು ಹತ್ತು ಹದಿನೈದು ದಿನ. ಒಳಗೆ ಅವರು ನೀರು ಅಂತ ನರಳುತ್ತಿದ್ದರು. ಇವಳು ಕಣ್ಣೊರೆಸಿಕೊಂಡು ಬಂದು, ಕೈಗೆ ಸಿಕ್ಕಿದ್ದನ್ನು ಎತ್ತಿ ಹುಚ್ಚಣ್ಣನಿಗೆ ಕೊಟ್ಟಿದ್ದಳು. ಉಳಿದದ್ದು ಗೂಟಕ್ಕೆ ಹೋಗಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಕೈಗೆ ಬಂದ ತಕ್ಷಣವೇ."

"ಹೇಳ್ಬಾರ್ದೇನೋ ಮುಟ್ಠಾಳ!"

"ಹೆಂಗೆ ಹೇಳ್ಲವ್ವ? ಮನೆಯವ್ವನ ಕೈಯಿಂದ ವೀಳ್ಯದ ಸಮೇತ ಬಂದಿದ್ದು. ಅದನ್ನ ತಿರುಗಿಸಿ ಕೊಟ್ರೆ ಆ ಮನೆಗೆ ಒಳ್ಳೇದಾಗಾಕಿಲ್ಲ ಅಂತಾರೆ. ಒಳಗೆ ಪಟೇಲ್ರು ಅಂಗೆ ಮಲಗವ್ರೆ. ಮುಂದಿನ ಆಯುಧಪೂಜೆಗೆ ಮತ್ತೆ ಜೋಡಿಸಿಕ್ತಾರಲ್ಲ, ಆವಾಗ ಮೆತ್ತಗೆ ನಂದು ನಾನು ಎತ್ಕಳಾನ ಅಂತ ಸುಮ್ಕಿದ್ದೆ. ಪಟೇಲ್ರು ಹೋಗ್ಬುಟ್ರು. ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ? ಕುರಿ ಕಾಯೋನು ಪಟೇಲ್ರ ಕೋವಿ ಹೊಡ್ಕಂಡ ಅಂತಿದ್ರು."

"ಮತ್ತೆ ಇಲ್ಲಿ ನಿಲ್ಸಿದ್ದು?"

"ನನ್ನ ಲೈಸೆನ್ಸು ಈ ಹಳ್ಳದ ತಂಕ ಮಾತ್ರವಂತೆ. ಆಚೆ ದಾಟಿದ್ರೆ ನಾನೂ ಕಳ್ಳನೇ. ನೀವು ಮಕ ತೊಳೆಯೋವಾಗ ಬದಲಾಯಿಸ್ಬುಟ್ಟು ನಂದನ್ನ ಇಲ್ಲೇ ಪೊದೆಯಾಗೆ ಬಚ್ಚಿಡಾನ ಅಂತ. ನಿಮಗೂ ಗೊತ್ತಾಗಾದು ಬ್ಯಾಡ, ಯಾರ್ಗೂ ಬ್ಯಾಡ."

ಕರಿಬಸಮ್ಮ ಅವನ ಮುಖ ನೋಡುತ್ತಲೇ ಇದ್ದಳು. ಮಾತೆಲ್ಲ ಸರಿಯಾಗಿಯೇ ಕೂರುತ್ತಿತ್ತು. ಆದರೂ ಒಂದು ಕೂರಲಿಲ್ಲ. "ನಿನ್ನೆ ಕೊಟ್ಟಿಗೇಲಿ ಏನ್ ಮಾತು?"

"ಯಾವ ದಾರಿ ಹಿಡೀತೀರ ಅಂದ್ರು. ನೆಟ್ಟಗಿನ ದಾರೀನೇ ಬುದ್ಧಿ ಅಂದೆ."

"ಸುಳ್ಳು ಹೇಳ್ದಾ?"

"ಮತ್ತಿನ್ನೇನು, ನಿಜ ಹೇಳ್ಬೇಕಾಗಿತ್ತಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆದು, ಸೀರೆಯಲ್ಲಿದ್ದ ಕೋವಿಯನ್ನು ಅವನ ಮುಂದೆ ಹಿಡಿದಳು. ಹುಚ್ಚಣ್ಣ ಕೈ ಚಾಚಲಿಲ್ಲ. ಅವಳಿಗೆ ಅರ್ಥವಾಯಿತು. ಸೊಂಟದ ಸಂಚಿ ಬಿಚ್ಚಿ ಎರಡು ಎಲೆ, ಒಂದು ಅಡಿಕೆ ತೆಗೆದು ಕೋವಿಯ ಮೇಲಿಟ್ಟು ಕೊಟ್ಟಳು. ಆಗ ತಗೊಂಡ, ಕಣ್ಣಿಗೊತ್ತಿಕೊಂಡ. ಕಂಬಳಿಯೊಳಗಿನದನ್ನು ಅವಳೇ ಎತ್ತಿಕೊಂಡಳು.

"ಇದನ್ನ ಹಟ್ಟೀಲಿ ಗೂಟಕ್ಕೆ ಹಾಕ್ಬುಟ್ಟು ಓಡಿ ಬತ್ತೀನಿ. ಹೋಗಿ ಬರಾಕೆ ಆರು ಮೈಲಿ. ನೀವು ಕದಲಬ್ಯಾಡಿ" ಅಂದು ಅವನು ಬದು ಹಾರಿ ಹೋದ.

ಆ ಮೂರು ಗಂಟೆ ಕರಿಬಸಮ್ಮನಿಗೆ ಮೂರು ವರ್ಷ. ಗಡಿಯ ಹಳ್ಳ, ಒಂಟಿ ಹೆಂಗಸು, ತೊಡೆ ಮೇಲೆ ಕೋವಿ. ಇವನು ನಿಜವಾಗಿಯೂ ಹಟ್ಟಿಗೆ ಹೋದನಾ, ಮೈದುನನ ಮನೆಗೆ ಹೋದನಾ? ಸುಟ್ಟ ಕಲೆ ಮೊನ್ನೆ ಮೊನ್ನೆ ಮಾಡಿದ್ದಾದರೆ? ಈಗ ಕೈಯಲ್ಲಿರುವುದೇ ಮೂರನೆಯ ಯಾವುದೋ ಕೋವಿಯಾದರೆ? ನಳಿಗೆಯ ಮೇಲೆ ಕೊರೆದ ಇಂಗ್ಲಿಷ್ ಅಂಕಿ ಅವಳಿಗೆ ಓದಲು ಬಾರದು. ಬೆರಳಿಂದ ಸವರಿದಳು. ಏನೋ ಇತ್ತು, ಏನೆಂದು ಹೇಳುವವರಿರಲಿಲ್ಲ. ದಾರಿಯಲ್ಲಿ ಹೋದ ಸೌದೆಯವನೊಬ್ಬ "ಏನಮ್ಮ, ಒಬ್ರೇ?" ಅಂದದ್ದಕ್ಕೆ "ಒಬ್ಳೇ ಯಾಕೆ, ಯಜಮಾನ್ರು ಹಳ್ಳಕ್ಕೆ ಹೋಗವ್ರೆ" ಅಂದಳು. ಸತ್ತ ಗಂಡನನ್ನು ಹಳ್ಳಕ್ಕೆ ಕಳಿಸಿದ್ದಕ್ಕೆ ಆಮೇಲೆ ಲಿಂಗ ಮುಟ್ಟಿಕೊಂಡಳು.

ಬಿಸಿಲು ನೆತ್ತಿಗೇರುವಾಗ ಹುಚ್ಚಣ್ಣ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಕೋವಿ ಇರಲಿಲ್ಲ, ಗಂಟಿತ್ತು. "ಜುಂಜಿ ರೊಟ್ಟಿ ಕೊಟ್ಲು. ಚಟ್ನಿ ಸ್ವಲ್ಪ ಖಾರವಂತೆ."

*

ಹಿರಿಯೂರು ಸೀಮೆ ದಾಟಿ, ಗೌಡಗೆರೆ ಕಡೆಯ ಕಡಲೆಕಾಯಿ ಹೊಲಗಳ ನಡುವೆ ಹಾದು ಶಿರಾ ಮುಟ್ಟಿದ್ದು ನಾಲ್ಕನೆಯ ದಿನ. ಆ ನಾಲ್ಕೂ ದಿನ ಅವಳು ಉಣ್ಣುವಾಗಲೂ ಕೋವಿ ಮಡಿಲಲ್ಲೇ. ಊರ ಹೊರಗಿನ ಕಟ್ಟೆಯ ಹತ್ತಿರ ಪೊಲೀಸ್ ದಫೇದಾರ ಗಾಡಿ ತಡೆದ. ಮದರಂಗಿ ಹಚ್ಚಿದ ಗಡ್ಡದ ಸಾಬರು.

"ಏನದು ಅಮ್ಮ, ಸೀರೆ ಉಟ್ಕೊಂಡು ಕೂತಿರೋದು?"

"ಕೋವಿ ಕಣಪ್ಪ."

"ಯಾ ಅಲ್ಲಾ! ಲೇ, ಇಳಿಸೋ ಅದನ್ನ" ಅಂದರು ಹುಚ್ಚಣ್ಣನ ಕಡೆ ತಿರುಗಿ.

"ಅವನು ಮುಟ್ಟಂಗಿಲ್ಲ ಸಾಬ್ರೆ. ರಹದಾರಿ ನನ್ನ ಹೆಸರಲ್ಲೈತೆ" ಅಂದು ಕರಿಬಸಮ್ಮ ತಾನೇ ಇಳಿದು, ಸೀರೆ ಬಿಚ್ಚಿ, ಕುಪ್ಪಸದೊಳಗಿಂದ ಕಾಗದ ತೆಗೆದುಕೊಟ್ಟಳು. ದಫೇದಾರರು ಕಾಗದ ನೋಡಿದರು, ನಳಿಗೆ ನೋಡಿದರು, ಕಾಗದ ನೋಡಿದರು.

"ತೀನ್ ಸೌ ಅಠಾರಾ. ಮುನ್ನೂರ ಹದಿನೆಂಟು. ಬರೋಬ್ಬರಿ ಇದೆ. ಜಾವ್ ಅಮ್ಮ, ಹೋಗಿ."

ಗಾಡಿ ಸ್ವಲ್ಪ ದೂರ ಹೋದ ಮೇಲೆ ಹುಚ್ಚಣ್ಣ ತಿರುಗದೆಯೇ ಕೇಳಿದ, "ಈಗಲಾದ್ರೂ ನಂಬುಕೆ ಬಂತಾ ಅವ್ವ?"

"ಗಾಡಿ ಹೊಡಿ ಸುಮ್ನೆ" ಅಂದಳು.

*

ಮಧುಗಿರಿಯ ಕಚೇರಿಯ ಜಗಲಿಯ ಮೇಲೆ ಬಸವಲಿಂಗಯ್ಯ ಕೂತಿದ್ದ. ಮುಖ ಬಾಡಿತ್ತು. ಅತ್ತಿಗೆಯನ್ನು ಕಂಡವನೇ ಎದ್ದು ನಿಂತು, ಅವಳು ಬಂದ ದಿಕ್ಕನ್ನು ನೋಡಿದ. "ಶಿರಾ ಕಡೆಯಿಂದ ಬಂದ್ರಾ?"

"ಯಾಕೆ, ಬೇರೆ ಕಡೆ ಯಾರಾದ್ರೂ ಕಾಯ್ತಿದ್ರಾ?"

ಅಷ್ಟರಲ್ಲಿ ಇಬ್ಬರಿಗೂ ಒಳಗಿನಿಂದ ಕರೆ ಬಂತು.

ಸಾಹೇಬರು ವಯಸ್ಸಾದವರಲ್ಲ. ಎದುರಿಗೆ ಶಿರಸ್ತೇದಾರರು ದೊಡ್ಡ ರಿಜಿಸ್ಟರು ಬಿಚ್ಚಿಕೊಂಡಿದ್ದರು. "ನಿಮ್ಮ ಮೇಲೆ ಒಂದು ತಕರಾರು ಅರ್ಜಿ ಇದೆ ತಾಯಿ" ಅಂದರು ಶಿರಸ್ತೇದಾರರು. "ನಿಮ್ಮ ಮನೇಲಿರೋದು ಲೈಸೆನ್ಸಿನ ಕೋವಿಯೇ ಅಲ್ಲ, ಅದರ ನಂಬರು ಮುನ್ನೂರ ಇಪ್ಪತ್ತೇಳು, ಅಸಲು ಕೋವಿಯನ್ನು ನೀವು ಯಾರಿಗೋ ಮಾರಿದ್ದೀರಿ ಅಂತ ಬರೆದಿದ್ದಾರೆ."

ಶಿವಗಣಾರಾಧನೆಯ ದಿನದ ಚೀಟಿ! ಅವನು ಗೀಚಿಕೊಂಡದ್ದು ಇದು. ಕರಿಬಸಮ್ಮನ ಅಂಗಾಲಿನ ಮುಳ್ಳು ಅಷ್ಟು ದಿನದ ಮೇಲೆ ಹೊರಗೆ ಬಂತು. ಅವಳು ಮಾತಾಡದೆ ಕೋವಿಯನ್ನು ಮೇಜಿನ ಮೇಲಿಟ್ಟಳು.

ಸಾಹೇಬರೇ ಬಗ್ಗಿ ಓದಿದರು. "ಮುನ್ನೂರ ಹದಿನೆಂಟು. ಲೈಸೆನ್ಸಿನಲ್ಲೂ ಅದೇ. ಏನ್ರೀ ಇದು ಅರ್ಜಿ?" ಅಂದರು ಬಸವಲಿಂಗಯ್ಯನ ಕಡೆ ತಿರುಗಿ.

ಬಸವಲಿಂಗಯ್ಯ ಮೇಜಿನ ಮೇಲೆ ಬಗ್ಗಿ ನಂಬರು ನೋಡಿದ. "ಸ್ವಾಮಿ, ನಾನು ಕಣ್ಣಾರೆ..."

ಶಿರಸ್ತೇದಾರರು ರಿಜಿಸ್ಟರಿನ ಮೇಲೆ ಬೆರಳು ಓಡಿಸುತ್ತಿದ್ದರು. "ಮುನ್ನೂರ ಇಪ್ಪತ್ತೇಳು, ಅದೇ ಊರಿನ ಹುಚ್ಚಣ್ಣ ಅನ್ನೋನ ಹೆಸರಲ್ಲಿದೆ. ಯಾರದು?"

"ನಾನೇ ಬುದ್ಧಿ. ನನ್ನ ಕೋವಿ ನಮ್ಮ ಹಟ್ಟಿ ಗೂಟದಾಗೈತೆ. ಯಾರ್ನಾದ್ರೂ ಕಳಿಸಿ ನೋಡಿಸಿ" ಅಂದ ಹುಚ್ಚಣ್ಣ ಬಾಗಿಲಲ್ಲಿ ಕೈಮುಗಿದು.

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೊರಗಿ ಬಸವಲಿಂಗಯ್ಯನನ್ನೇ ನೋಡಿದರು. "ಇನ್ನೊಬ್ಬನ ಕೋವಿಯ ನಂಬರು ನಿಮಗೆ ಹೇಗೆ ಗೊತ್ತಾಯಿತು? ಕೈಯಲ್ಲಿ ಹಿಡಿಯದೆ ಓದೋದಕ್ಕಾಗಲ್ಲ ಅದು. ಲೈಸೆನ್ಸು ಇಲ್ಲದೆ ಕೋವಿ ಹಿಡಿದಿರಿ, ಜೊತೆಗೆ ಸುಳ್ಳು ಅರ್ಜಿ. ಎರಡೂ ಬರೆದುಕೊಳ್ಳಲಾ?"

ಶಿರಸ್ತೇದಾರರ ಲೇಖಣಿ ಮಸಿಕುಡಿಕೆಯಲ್ಲಿ ಅದ್ದಿತ್ತು. ಬಸವಲಿಂಗಯ್ಯ ಅತ್ತಿಗೆಯ ಕಡೆ ತಿರುಗಿದ. ಅವನ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು.

ಕರಿಬಸಮ್ಮನಿಗೆ ಗೊತ್ತಿತ್ತು. ಅವನು ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡೇ ಬರೆದದ್ದು. ಆದರೆ ಮುನ್ನೂರ ಇಪ್ಪತ್ತೇಳು ಅಂತ ಬರೆದದ್ದು ನಿಜ. ತಪ್ಪಿದ್ದು ಅವಳ ಕೈ. ಸುಮ್ಮನಿದ್ದರೆ ಪಟೇಲಗಿರಿಯ ಕಡೆ ಇವನು ಇನ್ನೆಂದೂ ತಿರುಗಿ ನೋಡುವಂತಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆದರೆ ಅದೇ ಮನೆಯ ಹೆಸರಿನ ಮೇಲೇ ಮೊಕದ್ದಮೆ, ಅದೂ ಅವಳ ಕೈತಪ್ಪಿಗೆ.

"ಸ್ವಾಮಿ" ಅಂದಳು. "ನಮ್ಮಲ್ಲಿ ಆಯುಧಪೂಜೆಗೆ ಎರಡು ಕೋವಿಯೂ ನಮ್ಮನೇಲೇ ಜೋಡಿಯಾಗಿ ಇಡೋದು. ಎರಡೂ ಒಂದೇ ತರ. ನೋಡಿದೋರಿಗೆ ಯಾವ್ದು ಯಾರ್ದು ಅಂತ ತಿಳಿಯಾಕಿಲ್ಲ. ಇವರಿಗೂ ಅಂಗೇ ಆಗಿರ್ಬೇಕು. ಬುಟ್ಬುಡಿ."

ಸಾಹೇಬರು ಅವಳನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದರು. ಅವರಿಗೂ ಏನೋ ವಾಸನೆ ಬಡಿದಿರಬೇಕು. ಆಮೇಲೆ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, "ಕೋವಿ ದಾಖಲು ಮಾಡಿಕೊಳ್ಳಿ. ಮಗ ವಯಸ್ಸಿಗೆ ಬಂದ ಮೇಲೆ ಅವನ ಹೆಸರಲ್ಲಿ ಹೊಸ ಲೈಸೆನ್ಸಿಗೆ ಕೇಳಲಿ. ಮನೆ ಮೇಲೆ ಏನೂ ಇಲ್ಲ ಅಂತ ಪಾವಗಡಕ್ಕೆ ಬರೆಯಿರಿ" ಅಂದರು.

ಹೊರಗೆ ಬಂದಾಗ ಬಿಸಿಲು ಬೆಟ್ಟದ ಬಂಡೆಗೆ ಬಡಿದು ಊರೆಲ್ಲ ಕಾದಿತ್ತು. ಬರಿಗೈ ಹಗುರವೆನ್ನಿಸಿ ಕರಿಬಸಮ್ಮ ಎರಡು ಸಲ ಮಡಿಲು ಮುಟ್ಟಿಕೊಂಡಳು. ಬಸವಲಿಂಗಯ್ಯ ಗಾಡಿಯ ಹತ್ತಿರ ನಿಂತಿದ್ದ.

"ಹತ್ತು" ಅಂದಳು. "ಈಗ ಕೋವಿ ಇಲ್ಲ. ನೆಟ್ಟಗಿನ ದಾರೀಲೇ ಹೋಗಾನ."

ಮಡಕಶಿರಾ ಸೀಮೆಯ ಮೊದಲ ಹುಣಿಸೆ ಸಾಲು ಬಂತು. ಅಲ್ಲಿ ರಸ್ತೆ ಬದಿಯ ಚಪ್ಪರದಿಂದ ಒಬ್ಬ ಪೇದೆ ಎದ್ದು ಬಂದ. ಗಾಡಿ ನೋಡಿದ, ಕರಿಬಸಮ್ಮನನ್ನು ನೋಡಿದ, ಆಮೇಲೆ ಬಸವಲಿಂಗಯ್ಯನನ್ನು ನೋಡಿ, "ಏಮಯ್ಯಾ, ಈವಿಡೇನಾ?" ಅಂದ. ಇವಳೇನಾ ಅಂತ.

ಬಸವಲಿಂಗಯ್ಯ ನೆಲ ನೋಡಿದ. ಪೇದೆ ಹುಲ್ಲನ್ನೆಲ್ಲ ಲಾಠಿಯಿಂದ ಚುಚ್ಚಿ, ಏನೂ ಸಿಗದೆ, ಗೊಣಗುತ್ತಾ ವಾಪಸು ಹೋದ.

ಗಾಡಿ ಮುಂದೆ ಹೋಯಿತು. ತುಂಬ ಹೊತ್ತಿನ ಮೇಲೆ ಬಸವಲಿಂಗಯ್ಯ ಕೆಳದನಿಯಲ್ಲಿ, "ಅತ್ಗೆಮ್ಮ, ಅವತ್ತು ನಾನು ಓದಿದ್ದು ಇಪ್ಪತ್ತೇಳೇ ಕಣಮ್ಮ. ನನ್ನ ಕಣ್ಣು ಸುಳ್ಳು ಹೇಳಾಕಿಲ್ಲ. ಅದೆಂಗೆ..." ಅಂದ.

"ಬರೋ ಆಯುಧಪೂಜೆಗೆ ನೀನೂ ಬಾ" ಅಂದಳು ಕರಿಬಸಮ್ಮ. "ಹುಚ್ಚಣ್ಣನ ಕೋವಿ ಒಂದೇ ಇರ್ತದೆ. ನಾನು ವೀಳ್ಯ ಕೊಡೋವಾಗ ಪಕ್ಕದಲ್ಲೇ ನಿಂತು ನೋಡು. ನಿನ್ನ ಕಣ್ಣು ಚುರುಕಾಗೈತಲ್ಲ."

ಮುಂದೆ ಕೂತಿದ್ದ ಹುಚ್ಚಣ್ಣನ ಬೆನ್ನು ಸಣ್ಣಗೆ ಅಲುಗಿತು. ನಗುತ್ತಿದ್ದನೋ, ಗಾಡಿ ಕುಲುಕಿತೋ. ಅವಳು ಬಗ್ಗಿ ನೋಡಿ, ನಗುತ್ತಿದ್ದಾನೆ ಅಂತ ಖಾತ್ರಿ ಮಾಡಿಕೊಂಡಳು.